ವಿದ್ಯಾರ್ಥಿಗಳ ಅಳತೆಯ ನಕ್ಷೆಗಳು ಮತ್ತು ಪೋಲೆಂಡಿನ ಎರಡು ಪುನರ್ನಿರ್ಮಾಣಗಳು

ಇತಿಹಾಸದ ಆಕರಗಳೆಂದೊಡನೆ ನಮ್ಮ ತರಗತಿಗಳಲ್ಲಿ ನೆನಪಿಗೆ ಬರುವುವು ಶಾಸನ, ನಾಣ್ಯ, ಕೈಫಿಯತ್ತು, ಪ್ರವಾಸಿಗಳ ಬರವಣಿಗೆ ಮೊದಲಾದುವು. ವಿದ್ಯಾರ್ಥಿಯೊಬ್ಬನು ಅಧ್ಯಾಪಕರ ಅಪ್ಪಣೆಯಂತೆ ರಜೆಯ ದಿನಗಳಲ್ಲಿ ಒಂದು ಹಳೆಯ ಕಟ್ಟಡವನ್ನು ಅಳೆದು ಬರೆದ ನಕ್ಷೆಯೂ ಒಂದು ಆಕರವೆಂದು ಸಾಮಾನ್ಯವಾಗಿ ಯಾರೂ ಭಾವಿಸುವುದಿಲ್ಲ. ಅಂಕಗಳನ್ನು ಕೊಟ್ಟ ಮೇಲೆ ಅದು ಬೀರುವಿನ ನೆತ್ತಿಯ ಮೇಲೆ ಧೂಳು ಹಿಡಿಯುತ್ತದೆ. ಗೋಡೆಗೆ ಸುಣ್ಣ ಬಳಿಯುವುದಕ್ಕಾಗಿ ಬೀರುವನ್ನು ಈಚೆಗೆ ಎಳೆದ ವರ್ಷ ರದ್ದಿಗೆ ಸೇರುತ್ತದೆ. ಆದರೆ ಇಂತಹ ನಕ್ಷೆಗಳು ಉಳಿದುಬಂದುದರಿಂದಲೇ ಒಂದು ದೇಶದ ರಾಜಧಾನಿಯ ಹಳೆಯ ಪೇಟೆಯು ನೆಲಸಮವಾದ ಮೇಲೂ ಮರಳಿ ಎದ್ದು ನಿಲ್ಲುವುದು ಸಾಧ್ಯವಾಯಿತು. ಆ ಕಟ್ಟಡವನ್ನು ಕಣ್ಣಾರೆ ಕಂಡವರಿಲ್ಲದ ಕಾಲದಲ್ಲಿ, ಬೇರೊಂದು ತಲೆಮಾರಿನ ವಿದ್ಯಾರ್ಥಿಗಳು ಒಂದು ಸಣ್ಣ ಊರಿನ ಪ್ರಾರ್ಥನಾಮಂದಿರದ ಛಾವಣಿಯನ್ನು ಬಡಗಿಗಳೊಡನೆ ಕೂಡಿ ಕಟ್ಟುವುದೂ ಇಂತಹ ನಕ್ಷೆಗಳಿಂದಲೇ ಸಾಧ್ಯವಾಯಿತು. ಈ ಎರಡು ಕೆಲಸಗಳೂ ಪೋಲೆಂಡ್ ದೇಶದಲ್ಲಿ ನಡೆದುವು. ಇವೆರಡನ್ನೂ ಒಟ್ಟಿಗೆ ವಿವೇಚಿಸುವುದು ಈ ಲೇಖನದ ಉದ್ದೇಶ.

ಪೋಲೆಂಡ್ 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳ ನಡುವೆ ಹಂಚಿಹೋಗಿ ಭೂಪಟದಿಂದ ಅಳಿಸಿಹೋದುದೂ 1918ರಲ್ಲಿ ಮತ್ತೆ ಸ್ವತಂತ್ರವಾದುದೂ ವಾಚಕರಿಗೆ ತಿಳಿದೇ ಇದೆ. ಹೀಗೆ ಮರಳಿ ಹುಟ್ಟಿದ ದೇಶಕ್ಕೆ ತನ್ನಲ್ಲಿ ಯಾವ ಯಾವ ಹಳೆಯ ಕಟ್ಟಡಗಳಿವೆ, ಅವು ಹೇಗಿವೆ ಎಂಬುದರ ಸಮಗ್ರ ದಾಖಲೆಯೇ ಇರಲಿಲ್ಲ. ಮೂರು ಆಳರಸರು ಮೂರು ಬಗೆಯಲ್ಲಿ ಕಡತಗಳನ್ನು ಇಟ್ಟಿದ್ದರು. ಅವರ ಲಕ್ಷ್ಯವೆಲ್ಲ ಬೇರೆಡೆಯಲ್ಲಿತ್ತು. 1922ರಲ್ಲಿ ವಾರ್ಸಾದ ತಂತ್ರವಿದ್ಯಾಲಯದಲ್ಲಿ ಆಸ್ಕರ್ ಸೊಸ್ನೋವ್‌ಸ್ಕಿ ಎಂಬ ವಾಸ್ತುವಿದ್ಯೆಯ ಪ್ರಾಧ್ಯಾಪಕರು ಪೋಲಿಷ್ ವಾಸ್ತುಶಿಲ್ಪದ ಒಂದು ವಿಭಾಗವನ್ನು ಸ್ಥಾಪಿಸಿದರು. ಅವರ ಉಪಾಯ ಸರಳವಾದುದು. ದೇಶದ ಕಟ್ಟಡಗಳನ್ನೆಲ್ಲ ಅಳೆಯಿಸಲು ಹಣವಿಲ್ಲ, ನೌಕರರಿಲ್ಲ. ಆದರೆ ವಿದ್ಯಾರ್ಥಿಗಳಿದ್ದಾರೆ, ಅವರಿಗೆ ರಜೆಗಳಿವೆ. ವಾಸ್ತುವಿದ್ಯೆಯನ್ನು ಕಲಿಯುವ ಹುಡುಗ ಹುಡುಗಿಯರು ಊರೂರಿಗೆ ಹೋಗಿ ಇಗರ್ಜಿ, ಗಿರಣಿ, ಮರದ ಮನೆ, ಯೆಹೂದ್ಯರ ಪ್ರಾರ್ಥನಾಮಂದಿರ, ಪೇಟೆಯ ಅಂಗಡಿಮನೆ ಇವುಗಳನ್ನು ಅಳೆದು, ಛಾಯಾಚಿತ್ರ ತೆಗೆದು, ನಕ್ಷೆ ಬರೆದು ವಿಭಾಗಕ್ಕೆ ಒಪ್ಪಿಸತೊಡಗಿದರು. ಅದು ಅವರ ಪಾಠದ ಅಂಗವಾಗಿತ್ತು. ಹದಿನೇಳು ವರ್ಷಗಳ ಕಾಲ ಈ ಕೆಲಸ ಸದ್ದಿಲ್ಲದೆ ನಡೆಯಿತು.

ಕಟ್ಟಡವನ್ನು ಅಳೆಯುವುದೆಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇತಿಹಾಸದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ವಿದ್ಯೆಯ ಪರಿಚಯವಿಲ್ಲ. ಮೊದಲು ಕಟ್ಟಡವನ್ನು ಒಳಗೂ ಹೊರಗೂ ನಡೆದು ನೋಡಿ, ಒಂದು ಕಚ್ಚಾ ನಕ್ಷೆಯನ್ನು ಕೈಯಲ್ಲಿಯೇ ಬರೆದುಕೊಳ್ಳಬೇಕು. ಅನಂತರ ಅಳತೆ. ಒಂದು ಕೋಣೆಯ ನಾಲ್ಕು ಗೋಡೆಗಳ ಉದ್ದವನ್ನು ಅಳೆದರೆ ಕೋಣೆಯ ಆಕಾರ ಗೊತ್ತಾಯಿತೆಂದು ಹೊಸಬನು ತಿಳಿಯುತ್ತಾನೆ. ಅದು ತಪ್ಪು. ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಕಟ್ಟಿದ ಚೌಕಟ್ಟು ಹೇಗೆ ಒಂದು ಕಡೆಗೆ ವಾಲಿದರೂ ಕಡ್ಡಿಗಳ ಉದ್ದ ಬದಲಾಗುವುದಿಲ್ಲವೋ ಹಾಗೆಯೇ, ಬದಿಗಳ ಉದ್ದ ಒಂದೇ ಆಗಿದ್ದರೂ ಕೋಣೆ ಚಚ್ಚೌಕವಾಗಿರಬಹುದು, ಓರೆಯಾಗಿಯೂ ಇರಬಹುದು. ಮೂಲೆಯಿಂದ ಮೂಲೆಗೆ ಕರ್ಣವನ್ನು ಅಳೆದಾಗ ಮಾತ್ರ ಕೋಣೆ ಎರಡು ತ್ರಿಕೋನಗಳಾಗಿ ಒಡೆಯುತ್ತದೆ, ತ್ರಿಕೋನ ವಾಲುವುದಿಲ್ಲ. ಉದ್ದವಾದ ಗೋಡೆಯಲ್ಲಿ ಕಿಟಕಿ ಬಾಗಿಲುಗಳನ್ನು ಅಳೆಯುವಾಗ ಒಂದೊಂದನ್ನೂ ಬಿಡಿಬಿಡಿಯಾಗಿ ಅಳೆದು ಕೂಡಿಸಬಾರದು. ಒಂದು ತುದಿಯಲ್ಲಿ ಪಟ್ಟಿಯನ್ನು ಹಿಡಿದು ಅಲ್ಲಿಂದಲೇ ಎಲ್ಲವನ್ನೂ ಓದಬೇಕು. ಇಲ್ಲವಾದರೆ ಸಣ್ಣ ಸಣ್ಣ ತಪ್ಪುಗಳು ಸೇರಿ ಗೋಡೆಯೇ ಅಡಿಯುದ್ದ ಬೆಳೆದುಬಿಡುತ್ತದೆ. ಎತ್ತರವನ್ನು ನೆಲದಿಂದ ಅಳೆಯುವಂತಿಲ್ಲ, ಹಳೆಯ ಕಟ್ಟಡದ ನೆಲ ಎಲ್ಲಿಯೂ ಸಮನಾಗಿರುವುದಿಲ್ಲ. ರಸಮಟ್ಟದ ನೆರವಿನಿಂದ ಗೋಡೆಯ ಸುತ್ತ ಒಂದೇ ಮಟ್ಟದಲ್ಲಿ ದಾರವನ್ನು ಎಳೆದು, ಅದರಿಂದ ಮೇಲಕ್ಕೂ ಕೆಳಕ್ಕೂ ಅಳೆಯಬೇಕು. ಗೋಡೆ ಎಷ್ಟು ವಾಲಿದೆಯೆಂಬುದನ್ನು ತೂಗುಗುಂಡು ಹೇಳುತ್ತದೆ. ಕಂಬದ ತಲೆ, ಬಾಗಿಲವಾಡದ ಅಂಚು ಇವುಗಳ ಬಾಗನ್ನು ಕಾಗದದ ಮೇಲೆ ಮೂಲದ ಅಳತೆಯಲ್ಲಿಯೇ ಒತ್ತಿ ತೆಗೆದುಕೊಳ್ಳಬೇಕು. ಒಬ್ಬನು ಪಟ್ಟಿಯ ತುದಿಯನ್ನು ಹಿಡಿಯುವನು, ಇನ್ನೊಬ್ಬನು ಅಂಕಿಯನ್ನು ಕೂಗುವನು, ಮೂರನೆಯವನು ಬರೆದುಕೊಂಡು ಅದನ್ನೇ ತಿರುಗಿ ಕೂಗುವನು. ಬೇಸರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಈ ಕೆಲಸದಲ್ಲಿ ವಿದ್ಯಾರ್ಥಿಯು ಮಾಡಬಹುದಾದ ಅತ್ಯಂತ ದೊಡ್ಡ ತಪ್ಪು ಅಜಾಗರೂಕತೆಯದಲ್ಲ, ಅಚ್ಚುಕಟ್ಟಿನ ಮೇಲಿನ ಅತಿಯಾದ ಆಸೆಯದು. ಓರೆಯಾಗಿರುವ ಗೋಡೆಯನ್ನು ಕಾಗದದ ಮೇಲೆ ನೆಟ್ಟಗೆ ಮಾಡುವುದು, ಒಂದು ಕಡೆಯ ಕಿಟಕಿಯನ್ನು ಅಳೆದು ಇನ್ನೊಂದು ಕಡೆಯೂ ಹಾಗೆಯೇ ಇರಬೇಕೆಂದು ಬರೆದುಬಿಡುವುದು, ಇವು ಆ ಆಸೆಯ ಫಲಗಳು. ಆದರೆ ಗೋಡೆಯ ಓರೆಯೇ ಇತಿಹಾಸ. ದಪ್ಪವು ಇದ್ದಕ್ಕಿದ್ದಂತೆ ಕಡಮೆಯಾದಲ್ಲಿ ಎರಡನೆಯ ಕಾಲದ ಕೆಲಸ ಮೊದಲಾಗುತ್ತದೆ. ಎರಡು ಕಿಟಕಿಗಳ ಅಗಲ ಬೇರೆಯಾದಲ್ಲಿ ಬೆಂಕಿಯೋ ಪಾಲುಪಟ್ಟಿಯೋ ನಡೆದಿರುತ್ತದೆ. ಇದನ್ನೆಲ್ಲ ಅಳೆಯುವವನು ತಾನಾಗಿ ಅರಿಯಲಾರನು. ಆ ಮನೆಯಲ್ಲಿ ಬಾಳಿದ ಮುದುಕಿ, ಛಾವಣಿಯನ್ನು ರಿಪೇರಿ ಮಾಡಿದ ಬಡಗಿ, ಗುಡಿಯ ಕೀಲಿಕೈ ಇಟ್ಟುಕೊಂಡವನು, ಇವರನ್ನು ಕೇಳಬೇಕು. ಊರಿನವರ ಸಹವಾಸವಿಲ್ಲದೆ ಕೇವಲ ಪಟ್ಟಿಯನ್ನು ನಂಬಿ ಅಳೆದ ನಕ್ಷೆ ಸರಿಯಾಗಿಯೇ ಇರಬಹುದು; ಆದರೆ ಅದು ಮೂಕವಾಗಿರುತ್ತದೆ.

1939ರ ಸೆಪ್ಟೆಂಬರ್ 1ರಂದು ಜರ್ಮನರು ಪೋಲೆಂಡಿನ ಮೇಲೆ ದಂಡೆತ್ತಿ ಬಂದರು. ಸೆಪ್ಟೆಂಬರ್ 17ರಂದು ವಾರ್ಸಾದ ಅರಮನೆಗೆ ಗುಂಡುಗಳು ಬಿದ್ದು ಬೆಂಕಿ ಹತ್ತಿತು. ಒಳಗಿನ ವಸ್ತುಗಳನ್ನು ಉಳಿಸಲು ಹೆಣಗುತ್ತಿದ್ದ ಅಲ್ಲಿಯ ಮೇಲ್ವಿಚಾರಕರು ಅದೇ ದಿನ ಮಡಿದರು. ಸೊಸ್ನೋವ್‌ಸ್ಕಿಯವರೂ ಆ ಮುತ್ತಿಗೆಯಲ್ಲಿಯೇ ಸಿಡಿಗುಂಡಿನ ಗಾಯದಿಂದ ತೀರಿಕೊಂಡರು. ವಿಭಾಗದ ಹೊಣೆ ಅವರ ಶಿಷ್ಯರೂ ಸಹೋದ್ಯೋಗಿಗಳೂ ಆಗಿದ್ದ ಯಾನ್ ಜಖ್ವಾತೊವಿಚ್ ಅವರ ಹೆಗಲಿಗೆ ಬಂದಿತು. ಯುದ್ಧಕ್ಕೆ ಮುಂಚಿನ ವರ್ಷಗಳಲ್ಲಿ ವಾರ್ಸಾದ ಹಳೆಯ ಪೇಟೆಯ ಕೋಟೆಗೋಡೆಗಳನ್ನು ಮಣ್ಣಿನಿಂದಲೂ ಮನೆಗಳ ಮರೆಯಿಂದಲೂ ಬಿಡಿಸಿ ತೋರಿಸಿದವರು ಇವರೇ.

ಆಕ್ರಮಣಕಾರರು ಪೋಲಿಷರಿಗೆ ಉಚ್ಚಶಿಕ್ಷಣವನ್ನು ನಿಷೇಧಿಸಿದರು. 1942ರಲ್ಲಿ ತಂತ್ರವಿದ್ಯಾಲಯದ ಕಟ್ಟಡಗಳಲ್ಲಿ ಕೆಳಮಟ್ಟದ ಒಂದು ವೃತ್ತಿಶಾಲೆಗೆ ಅಪ್ಪಣೆ ದೊರೆತಾಗ, ಅದರ ಮರೆಯಲ್ಲಿ ಪ್ರಾಧ್ಯಾಪಕರು ಪೂರ್ಣ ಪಾಠಗಳನ್ನು ಹೇಳಿದರು, ಪದವಿಗಳನ್ನೂ ಕೊಟ್ಟರು. ಜಖ್ವಾತೊವಿಚ್ ಅವರ ವಿಭಾಗದಲ್ಲಿ ಅಳತೆಯ ಕೆಲಸವೂ ಗುಟ್ಟಾಗಿ ಮುಂದುವರಿಯಿತು. ಸಿಕ್ಕಿಬಿದ್ದರೆ ಪ್ರಾಣಕ್ಕೇ ಸಂಚಕಾರವಿದ್ದ ಕಾಲದಲ್ಲಿ ಹಳೆಯ ಮನೆಯ ಕಿಟಕಿಯ ಅಗಲವನ್ನು ಬರೆದುಕೊಳ್ಳುವುದಕ್ಕೆ ಅರ್ಥವಿದೆಯೆ ಎಂದು ಆಗ ಯಾರಾದರೂ ಕೇಳಿದ್ದರೆ, ಸಮರ್ಪಕವಾದ ಉತ್ತರ ಹೇಳುವುದು ಕಷ್ಟವಾಗುತ್ತಿತ್ತು. ಉತ್ತರ ದೊರೆತುದು 1944ರಲ್ಲಿ. ಆ ವರ್ಷದ ಆಗಸ್ಟ್ 1ರಂದು ಪ್ರಾರಂಭವಾದ ವಾರ್ಸಾ ದಂಗೆ 63 ದಿನಗಳ ತರುವಾಯ ಅಡಗಿತು. ಒಂದೂವರೆ ಲಕ್ಷಕ್ಕೂ ಮಿಕ್ಕ ಪೌರರು ಸತ್ತಿದ್ದರು. ಉಳಿದವರನ್ನು ನಗರದಿಂದ ಹೊರಡಿಸಲಾಯಿತು. ಅನಂತರ ನಡೆದುದು ಯುದ್ಧವಲ್ಲ. ಜನರಿಲ್ಲದ ನಗರದಲ್ಲಿ ಜರ್ಮನ್ ತುಕಡಿಗಳು ಬೀದಿಯಿಂದ ಬೀದಿಗೆ ಹೋಗಿ ಮನೆಗಳಿಗೆ ಬೆಂಕಿಯಿಟ್ಟು, ಸ್ಮಾರಕಗಳಿಗೆ ಮದ್ದು ತುಂಬಿ ಸಿಡಿಸಿದುವು. ಗ್ರಂಥಭಂಡಾರಗಳೂ ದಾಖಲೆಮನೆಗಳೂ ಸುಟ್ಟುಹೋದುವು.

ಈ ದಿನಗಳಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನಿರ್ದೇಶಕ ಸ್ತಾನಿಸ್ವಾವ್ ಲೊರೆಂಟ್ಸ್ ಅವರ ನೇತೃತ್ವದಲ್ಲಿ ವಿದ್ವಾಂಸರ ಒಂದು ಸಣ್ಣ ಗುಂಪಿಗೆ, ಪಕ್ಕದ ಪ್ರೂಷ್ಕೂವ್ ಊರಿನಿಂದ ಹಾಳು ನಗರಕ್ಕೆ ಬಂದು ಪುಸ್ತಕ ಮತ್ತು ಕಲಾವಸ್ತುಗಳನ್ನು ಸಾಗಿಸಲು ಅನುಮತಿ ದೊರೆಯಿತು. ಆ ಸಂದರ್ಭವನ್ನು ಬಳಸಿಕೊಂಡು ಜಖ್ವಾತೊವಿಚ್ ಮೊದಲಾದವರು ವಿದ್ಯಾರ್ಥಿಗಳ ನಕ್ಷೆಗಳ ಕಟ್ಟುಗಳನ್ನೂ ಹೊರಕ್ಕೆ ತಂದರು. ಅವು ಪ್ಯೋತ್ರ್‌ಕೂವ್ ಎಂಬ ಊರಿನ ಬರ್ನಾರ್ಡೀನ್ ಸಂನ್ಯಾಸಿಗಳ ಮಠಕ್ಕೆ ಹೋಗಿ, ಅಲ್ಲಿಯ ನೆಲಮಾಳಿಗೆಯ ಸಮಾಧಿಗಳ ನಡುವೆ ಅಡಗಿದುವು. ಯುದ್ಧ ಮುಗಿಯುವ ತನಕ ಹಳೆಯ ವಾರ್ಸಾ ನಗರ ಉಳಿದಿದ್ದುದು ಆ ಕಾಗದಗಳಲ್ಲಿ.

1945ರ ಫೆಬ್ರವರಿಯಲ್ಲಿ ರಾಜಧಾನಿಯ ಪುನರ್ನಿರ್ಮಾಣ ಕಚೇರಿ ಸ್ಥಾಪಿತವಾಯಿತು. ಅದರ ಸ್ಮಾರಕ ವಿಭಾಗವನ್ನು ಜಖ್ವಾತೊವಿಚ್ ಅವರಿಗೆ ಒಪ್ಪಿಸಲಾಯಿತು. ಹಾಳಾದುದನ್ನು ಇದ್ದಂತೆಯೇ ಕಟ್ಟಬೇಕೆ ಎಂಬ ಪ್ರಶ್ನೆ ಆಗ ಸುಲಭವಾದುದಾಗಿರಲಿಲ್ಲ. ಸ್ಮಾರಕವನ್ನು ಕಾಪಾಡಬೇಕು, ಕಳೆದುಹೋದುದನ್ನು ಹೊಸದಾಗಿ ಕಟ್ಟಿ ಹಳೆಯದೆಂದು ತೋರಿಸಬಾರದು ಎಂಬುದೇ ಯೂರೋಪಿನ ಪಂಡಿತರು ಒಪ್ಪಿದ್ದ ಸೂತ್ರ. ಜಖ್ವಾತೊವಿಚ್ ಅವರು ಅದನ್ನು ಅರಿಯದವರಲ್ಲ. ನಮ್ಮಲ್ಲಿಯೇ 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದಾಗ ಆ ಸ್ಥಳದಲ್ಲಿ 1912ರ ಹೊತ್ತಿಗೆ ಎದ್ದುದು ಬೇರೆಯೇ ಶೈಲಿಯ ಅರಮನೆ. ಅದಕ್ಕಾಗಿ ಯಾರೂ ದುಃಖಿಸಲಿಲ್ಲ. ಆದರೆ ಮೈಸೂರಿನದು ಆಕಸ್ಮಿಕವಾದ ಬೆಂಕಿ. ವಾರ್ಸಾದಲ್ಲಿ ಒಂದು ಜನಾಂಗದ ನೆನಪನ್ನು ಅಳಿಸಬೇಕೆಂದೇ ಕಟ್ಟಡಗಳನ್ನು ಕೆಡವಲಾಗಿತ್ತು. ಕೆಡವಿದವರ ಉದ್ದೇಶವನ್ನು ನೆರವೇರಗೊಡಬಾರದೆಂಬುದೇ ಮರಳಿ ಕಟ್ಟುವುದಕ್ಕೆ ಅವರು ಕೊಟ್ಟ ಕಾರಣ. ಈ ವಾದವನ್ನು ಎಲ್ಲ ಸಂದರ್ಭಗಳಿಗೂ ಅನ್ವಯಿಸಲಾಗದೆಂದು ನಮಗೆ ತೋರುತ್ತದೆ; ಅಲ್ಲಿ ಅದು ನ್ಯಾಯವಾಗಿತ್ತು.

ನಕ್ಷೆಗಳು ನೆಲಮಾಳಿಗೆಯಿಂದ ಹೊರಬಂದುವು. ಇಟ್ಟಿಗೆಯ ರಾಶಿಗಳ ನಡುವೆ ನಿಂತಿದ್ದ ಗೋಡೆಯ ತುಂಡುಗಳನ್ನು ಅವುಗಳೊಡನೆ ಹೋಲಿಸಿ, ಯಾವ ತುಂಡು ಯಾವ ಮನೆಯದೆಂದು ಗುರುತಿಸಲಾಯಿತು. ಕಲ್ಲುಬಾಗಿಲವಾಡಗಳ ಚೂರುಗಳನ್ನು ಆಯ್ದು ಮೂಲದ ಎಡೆಯಲ್ಲಿ ಕೂಡಿಸಲಾಯಿತು. ಕಲ್ಲುಕುಟಿಗರು, ಗಾರೆಯ ಕೆಲಸದವರು, ಕಮ್ಮಾರರು, ಬಣ್ಣಗಾರರು ಮರೆಯುತ್ತಿದ್ದ ಕಸಬುಗಳನ್ನು ಮತ್ತೆ ಹಿಡಿದರು. ಕಿರಿಯರು ಅವರ ಕೈಕೆಳಗೆ ಕಲಿತರು. ಸಾವಿರಾರು ಮಂದಿ ಪೌರರು ಕೂಲಿಯನ್ನು ಬಯಸದೆ ಕಲ್ಲುಮಣ್ಣನ್ನು ಹೊತ್ತರು. ಹಳೆಯ ಪೇಟೆಯ ಚೌಕವು 1953ರ ಜುಲೈ 22ರಂದು ಮತ್ತೆ ತೆರೆಯಿತು. ಅರಮನೆಗೆ ಮಾತ್ರ ಇನ್ನೂ ಬಹುಕಾಲ ಕಾಯಬೇಕಾಯಿತು: ತೀರ್ಮಾನವಾದುದು 1971ರಲ್ಲಿ, ಜನರು ಕೊಟ್ಟ ಹಣದಿಂದ ಕಟ್ಟಿ ಪ್ರೇಕ್ಷಕರಿಗೆ ಪೂರ್ಣವಾಗಿ ತೆರೆದುದು 1984ರಲ್ಲಿ. ಯುನೆಸ್ಕೊ ಸಂಸ್ಥೆಯು 1980ರಲ್ಲಿ ವಾರ್ಸಾದ ಹಳೆಯ ಪೇಟೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2011ರಲ್ಲಿ ಪುನರ್ನಿರ್ಮಾಣ ಕಚೇರಿಯ ದಾಖಲೆಗಳನ್ನೂ ತನ್ನ ‘ವಿಶ್ವಸ್ಮೃತಿ’ಯ ಪಟ್ಟಿಗೆ ಸೇರಿಸಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ಇತಿಹಾಸವನ್ನು ಹೇಳಿದಂತಾಗುವುದಿಲ್ಲ, ಪ್ರಶಸ್ತಿಯನ್ನು ಬರೆದಂತಾಗುತ್ತದೆ. ಇಂದು ಅಲ್ಲಿ ನಿಂತಿರುವ ಪೇಟೆ 1939ರ ಆಗಸ್ಟಿನಲ್ಲಿ ಇದ್ದ ಪೇಟೆಯಲ್ಲ. ಮನೆಗಳ ಮುಖಗಳು ಹಳೆಯವು. ಒಳಗೆ ಹೊಸ ಕಾಲದ ವಸತಿಗಳು. ಹಿಂದಿನ ಅಂಗಳಗಳಲ್ಲಿ ಒತ್ತಾಗಿ ಬೆಳೆದಿದ್ದ ಬಡವರ ಮನೆಗಳನ್ನು ಬೇಕೆಂದೇ ಬಿಟ್ಟರು. ಮುಖಗಳ ಮೇಲಿನ ಅಲಂಕಾರಗಳಲ್ಲಿ ಎಷ್ಟೋ 1953ರ ಕಲಾವಿದರವು. ಸಂತ ಯೋಹಾನನ ಮಹಾಮಂದಿರದ ವಿಷಯ ಇನ್ನೂ ವಿಚಿತ್ರವಾದುದು. ಅದರ ಮುಂಭಾಗವು 19ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿದುದು; ಅದು ಹೇಗಿತ್ತೆಂಬುದು ಚೆನ್ನಾಗಿ ತಿಳಿದಿತ್ತು. ಆದರೂ ಜಖ್ವಾತೊವಿಚ್ ಅವರು ಅದನ್ನು ಬಿಟ್ಟು, ಮಧ್ಯಯುಗದಲ್ಲಿ ಹೀಗಿದ್ದಿರಬಹುದೆಂದು ತಾವು ಊಹಿಸಿದ ಗಾಥಿಕ್ ರೂಪವನ್ನು ಕಟ್ಟಿಸಿದರು. ಬೇರೆ ಕೆಲವು ಬೀದಿಗಳಿಗೆ 18ನೆಯ ಶತಮಾನದ ಚಿತ್ರಕಾರ ಬೆರ್ನಾರ್ಡೊ ಬೆಲ್ಲೊಟ್ಟೊ ರಾಜನಿಗಾಗಿ ಬರೆದ ನಗರದೃಶ್ಯಗಳನ್ನು ಆಧಾರವಾಗಿ ಹಿಡಿದರು. ಬೆಲ್ಲೊಟ್ಟೊ ಅಸಾಧಾರಣ ನಿಷ್ಠೆಯ ಚಿತ್ರಕಾರನೇ. ಆದರೂ ಕಣ್ಣಿಗೆ ಸೊಗಸಾಗಲೆಂದು ಅಲ್ಲಲ್ಲಿ ತಿದ್ದಿದವನೇ. ಹೀಗೆ ಅಳತೆಯ ನಕ್ಷೆ ಇದ್ದರೂ ಮರಳಿ ಕಟ್ಟುವವನು ಆಯ್ಕೆ ಮಾಡುತ್ತಾನೆ. ಪಶ್ಚಿಮದಲ್ಲಿ ಪೋಲೆಂಡಿಗೆ ಹೊಸದಾಗಿ ಸೇರಿದ್ದ ವ್ರೋತ್ಸ್ವಾವ್ ಮೊದಲಾದ ನಗರಗಳ ಹಳೆಯ ಕಟ್ಟಡಗಳಿಂದ ಇಟ್ಟಿಗೆಗಳನ್ನು ಬಿಚ್ಚಿ ವಾರ್ಸಾಕ್ಕೆ ಸಾಗಿಸಿದರೆಂಬುದನ್ನೂ ನೆನೆಯಬೇಕು. ಒಂದು ಊರಿನ ಸ್ಮಾರಕಕ್ಕೆ ಇನ್ನೊಂದು ಊರು ಬೆಲೆ ತೆತ್ತಿತು.

ಎಲ್ಲಕ್ಕಿಂತ ದೊಡ್ಡ ಬಿಡುವಿಕೆ ಬೇರೆಯದು. ಹಳೆಯ ಪೇಟೆಯಿಂದ ಸ್ವಲ್ಪವೇ ದೂರದಲ್ಲಿ ಯೆಹೂದ್ಯರನ್ನು ಕೂಡಿಹಾಕಿದ್ದ ಕೇರಿ 1943ರ ದಂಗೆಯ ತರುವಾಯ ನೆಲಸಮವಾಗಿತ್ತು. ಅದನ್ನು ಇದ್ದಂತೆ ಕಟ್ಟಬೇಕೆಂಬ ಮಾತು ಬರಲಿಲ್ಲ. ಅಲ್ಲಿ ಬಾಳಬೇಕಾದವರು ಉಳಿದಿರಲಿಲ್ಲ. ಆ ಅವಶೇಷಗಳ ಮೇಲೆಯೇ, ಅವನ್ನೇ ಪುಡಿಮಾಡಿ ಎರಕ ಹೊಯ್ದ ಇಟ್ಟಿಗೆಗಳಿಂದ, ಮುರನೂವ್ ಎಂಬ ಹೊಸ ಬಡಾವಣೆ ಎದ್ದಿತು.

ಆದರೆ ಸೊಸ್ನೋವ್‌ಸ್ಕಿಯವರ ವಿದ್ಯಾರ್ಥಿಗಳು ಅಳೆದುದು ವಾರ್ಸಾದ ಮನೆಗಳನ್ನು ಮಾತ್ರವೇ ಅಲ್ಲವೆಂದು ಮೇಲೆ ಹೇಳಿದೆವು. ಪೋಲೆಂಡಿನ ಸಣ್ಣ ಊರುಗಳಲ್ಲಿ 17, 18ನೆಯ ಶತಮಾನಗಳಲ್ಲಿ ಕಟ್ಟಿದ ಮರದ ಪ್ರಾರ್ಥನಾಮಂದಿರಗಳು ಅನೇಕವಿದ್ದುವು. ಹೊರಗೆ ಅಂತಸ್ತು ಅಂತಸ್ತಾಗಿ ಏರುವ ಎತ್ತರವಾದ ಛಾವಣಿ. ಒಳಗೆ ಗುಡಾರದಂತೆ ಮೇಲಕ್ಕೆ ಸೇರುವ, ಬಣ್ಣದ ಚಿತ್ರಗಳಿಂದ ತುಂಬಿದ ಮಾಳಿಗೆ. ದೂರದಿಂದ ಬರುವವನಿಗೆ ಊರಿನ ಗುರುತಾಗಿ ಕಾಣುತ್ತಿದ್ದುವುಗಳಲ್ಲಿ ಇವೂ ಸೇರಿದ್ದುವು. ಷಿಮೊನ್ ಜೈಚಿಕ್ ಎಂಬ ಯೆಹೂದ್ಯ ಕಲೇತಿಹಾಸಕಾರರು ವಿಭಾಗದ ಪರವಾಗಿ ಇವುಗಳ ಛಾಯಾಚಿತ್ರ ಮತ್ತು ಅಳತೆಗಳನ್ನು ಸಂಗ್ರಹಿಸುತ್ತಿದ್ದರು. ಯುದ್ಧದಲ್ಲಿ ಪೋಲೆಂಡಿನ ಆ ಮಂದಿರಗಳೆಲ್ಲ ನಾಶವಾದುವು. ಜೈಚಿಕ್ ಅವರೂ ನಾಟ್ಸಿಗಳಿಂದ ಹತರಾದರು. ಸಂಗ್ರಹದಲ್ಲಿಯೂ ಒಂದು ಪಾಲು ಕಳೆದುಹೋಯಿತು. ಉಳಿದುದನ್ನು ಆಧಾರವಾಗಿಟ್ಟುಕೊಂಡು ಮರಿಯಾ ಮತ್ತು ಕಾಜಿಮ್ಯೆಷ್ ಪ್ಯೆಖೋತ್ಕಾ ಎಂಬ ವಾಸ್ತುಶಿಲ್ಪಿ ದಂಪತಿಗಳು 1957ರಲ್ಲಿ ಈ ಮರದ ಮಂದಿರಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಇಂಗ್ಲಿಷಿನಲ್ಲಿಯೂ ಹೊರಬಂದ ಆ ಗ್ರಂಥದಿಂದಲೇ ಹೊರನಾಡಿನ ಅನೇಕರಿಗೆ ಇಂತಹ ಕಟ್ಟಡಗಳಿದ್ದುವೆಂಬುದೇ ತಿಳಿದುದು.

ಇವುಗಳಲ್ಲಿ ಒಂದು ಗ್ವೋಜ್ಜೆಟ್ಸ್ ಎಂಬ ಊರಿನದು. ಆ ಊರು ಈಗ ಉಕ್ರೇನ್ ದೇಶಕ್ಕೆ ಸೇರಿದೆ. ಮಂದಿರ 17ನೆಯ ಶತಮಾನದ ನಡುಭಾಗದ್ದು. ಮಾಳಿಗೆಯನ್ನು ಎತ್ತರಿಸಿ ಚಿತ್ರಗಳನ್ನು ಬರೆದುದು 18ನೆಯ ಶತಮಾನದ ಮೊದಲ ಭಾಗದಲ್ಲಿ. ಅದನ್ನು ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ವಿವರವಾಗಿ ಅಳೆದು ಛಾಯಾಚಿತ್ರ ತೆಗೆದಿದ್ದವನೂ ಒಬ್ಬ ವಿದ್ಯಾರ್ಥಿಯೇ: ವಿಯೆನ್ನಾದಲ್ಲಿ ವಾಸ್ತುವಿದ್ಯೆಯನ್ನು ಓದುತ್ತಿದ್ದ ಅಲಾಯ್ಸ್ ಬ್ರೈಯರ್. ಅವನ ಛಾಯಾಚಿತ್ರಗಳಲ್ಲಿ ಬಣ್ಣವಿಲ್ಲ. ಬಣ್ಣಕ್ಕೆ 19ನೆಯ ಶತಮಾನದ ಕೊನೆಯಲ್ಲಿ ಇಬ್ಬರು ಚಿತ್ರಕಾರರು ಬರೆದಿಟ್ಟ ವರ್ಣಚಿತ್ರಗಳ ಆಧಾರವಿತ್ತು. ಥಾಮಸ್ ಹುಬ್ಕಾ ಎಂಬ ಅಮೆರಿಕದ ವಿದ್ವಾಂಸರು 2003ರಲ್ಲಿ ಈ ಒಂದೇ ಮಂದಿರವನ್ನು ಕುರಿತು ಗ್ರಂಥ ಬರೆದರು. ಮ್ಯಾಸಚೂಸೆಟ್ಸ್ ಕಲಾವಿದ್ಯಾಲಯದ ಅಧ್ಯಾಪಕರಾದ ರಿಕ್ ಬ್ರೌನ್, ಲಾರಾ ಬ್ರೌನ್ ದಂಪತಿಗಳು ತಮ್ಮ ವಿದ್ಯಾರ್ಥಿಗಳಿಂದ ಈ ಛಾವಣಿಯ ಮಾದರಿಗಳನ್ನು ತರಗತಿಯಲ್ಲಿಯೇ ಮಾಡಿಸತೊಡಗಿದರು. ಕೊನೆಗೆ ಅವರ ಹ್ಯಾಂಡ್ಸ್‌ಹೌಸ್ ಸ್ಟುಡಿಯೋ ಸಂಸ್ಥೆಯೂ ವಾರ್ಸಾದಲ್ಲಿ ಸ್ಥಾಪಿತವಾಗುತ್ತಿದ್ದ ಪೋಲಿಷ್ ಯೆಹೂದ್ಯರ ಇತಿಹಾಸದ ವಸ್ತುಸಂಗ್ರಹಾಲಯವೂ ಕೂಡಿ, ಆ ಛಾವಣಿಯನ್ನೂ ಚಿತ್ರಿತ ಮಾಳಿಗೆಯನ್ನೂ ಮೂಲದ ನೂರಕ್ಕೆ 85ರ ಅಳತೆಯಲ್ಲಿ ಕಟ್ಟುವುದೆಂದು ತೀರ್ಮಾನಿಸಿದುವು.

ಕೆಲಸ ನಡೆದುದು 2011ರ ಬೇಸಗೆಯಲ್ಲಿ, ದಕ್ಷಿಣ ಪೋಲೆಂಡಿನ ಸಾನೊಕ್ ಎಂಬ ಪಟ್ಟಣದಲ್ಲಿ. ಅಲ್ಲಿ ಹಳ್ಳಿಗಾಡಿನ ಮರದ ಮನೆಗಳನ್ನು ತಂದು ನಿಲ್ಲಿಸಿರುವ, 1958ರಲ್ಲಿ ಸ್ಥಾಪಿತವಾದ ಬಯಲು ವಸ್ತುಸಂಗ್ರಹಾಲಯವಿದೆ. ವಿದ್ಯಾರ್ಥಿಗಳು ಅಲ್ಲಿ ಅನುಭವಿಗಳಾದ ಬಡಗಿಗಳ ಕೈಕೆಳಗೆ ಕೆಲಸ ಮಾಡಿದರು. ವಿದ್ಯುತ್ತಿನ ಹತ್ಯಾರುಗಳನ್ನು ಬಳಸಕೂಡದೆಂಬುದು ನಿಯಮ. ದಿಮ್ಮಿಯ ಮೇಲೆ ದಾರವನ್ನು ಬಣ್ಣದಲ್ಲಿ ಅದ್ದಿ ಮಿಡಿದು ಗೆರೆ ಹಾಕುವುದು, ಗೆರೆಯ ತನಕ ಕೊಡಲಿಯಿಂದ ಅಲ್ಲಲ್ಲಿ ಕಚ್ಚು ಕಡಿದು ನಡುವಿನ ಮರವನ್ನು ಸೀಳಿ ಬೀಳಿಸುವುದು, ಅಗಲಬಾಯಿಯ ಕೊಡಲಿಯಿಂದ ಮುಖವನ್ನು ಸಮಮಾಡುವುದು, ಇಬ್ಬರು ಹಿಡಿಯುವ ಉದ್ದ ಗರಗಸದಿಂದ ಹಲಗೆ ಕೊಯ್ಯುವುದು, ಇವೇ ಕ್ರಮ. ತೊಲೆಗೆ ತೊಲೆಯನ್ನು ಕಚ್ಚಿನಲ್ಲಿ ಕೂಡಿಸಿ ಮರದ ಬೆಣೆಯನ್ನು ಬಡಿದರು.

ಇತಿಹಾಸಕಾರನ ಲಕ್ಷ್ಯವನ್ನು ಸೆಳೆಯಬೇಕಾದ ಸಂಗತಿ ಇಲ್ಲಿದೆ. ನಕ್ಷೆಯಲ್ಲಿ ತೊಲೆಯ ಉದ್ದ, ದಪ್ಪ, ಓರೆ ಎಲ್ಲವೂ ಇರುತ್ತವೆ. ಆದರೆ ಕೂಡಿದ ಮರಗಳ ಒಳಗೆ ಅಡಗಿರುವ ನಾಲಿಗೆ ಎಷ್ಟು ಉದ್ದ, ಅದನ್ನು ಯಾವ ಕಡೆಯಿಂದ ಸೇರಿಸಬೇಕು, ಮೊದಲು ಎತ್ತಬೇಕಾದ ತೊಲೆ ಯಾವುದು ಎಂಬುದು ಹೊರಗಿನಿಂದ ಅಳೆದವನಿಗೆ ಕಾಣುವುದಿಲ್ಲ. ಕೊನೆಯ ತೊಲೆಯನ್ನು ಮೊದಲು ಕೂಡಿಸಿಬಿಟ್ಟರೆ ನಡುವಣ ತೊಲೆಗೆ ದಾರಿಯೇ ಇಲ್ಲವಾಗುತ್ತದೆ. ಇದನ್ನು ಬಲ್ಲವನು ಬಡಗಿ. ಅವನು ಆ ಕಾಲದ ಇತರ ಮರದ ಕಟ್ಟಡಗಳನ್ನು ಕಂಡು, ತನ್ನ ಕೈಯ ಅನುಭವವನ್ನು ಕೂಡಿಸಿ, ಹಳೆಯ ಬಡಗಿ ಹೀಗೆ ಮಾಡಿರಬೇಕೆಂದು ಹೇಳುತ್ತಾನೆ. ಅದು ಊಹೆಯೇ ಸರಿ. ಆದರೆ ಭಾರವನ್ನು ಹೊತ್ತು ನಿಲ್ಲಬೇಕಾದ ಊಹೆ; ಸುಳ್ಳಾದರೆ ಒಡನೆಯೇ ಗೊತ್ತಾಗುತ್ತದೆ. ನಮ್ಮ ಬರವಣಿಗೆಯ ಊಹೆಗಳಿಗೆ ಅಂತಹ ಶಿಕ್ಷಕನಿಲ್ಲ.

ಚಿತ್ರಗಳ ಕೆಲಸ ಒಂದೇ ಎಡೆಯಲ್ಲಿ ನಡೆಯಲಿಲ್ಲ. ಕ್ರಾಕೂವ್, ಝೆಷೂವ್, ವ್ರೋತ್ಸ್ವಾವ್ ಮೊದಲಾದ ಹಲವು ನಗರಗಳಲ್ಲಿ, ಪ್ರಾರ್ಥನೆ ನಿಂತುಹೋಗಿದ್ದ ಹಳೆಯ ಮಂದಿರಗಳನ್ನೂ ಬಳಸಿಕೊಂಡು, ವಿದ್ಯಾರ್ಥಿಗಳು ಮಾಳಿಗೆಯ ಒಂದೊಂದು ಭಾಗವನ್ನು ಬರೆದರು. ಬಣ್ಣದ ಪುಡಿಯನ್ನು ಮೊಲದ ಚರ್ಮವನ್ನು ಬೇಯಿಸಿ ಮಾಡಿದ ಸರೇಸಿನಲ್ಲಿ ಕಲಸುವುದು ಹಳೆಯ ಪದ್ಧತಿ, ಅದನ್ನೇ ಅನುಸರಿಸಿದರು. ರಾಶಿಚಕ್ರ, ಸಿಂಹ, ಬಳ್ಳಿ, ಹೀಬ್ರೂ ಅಕ್ಷರಗಳ ಪ್ರಾರ್ಥನೆಗಳು ಒಂದೊಂದಾಗಿ ಮೂಡಿದುವು. ಮುನ್ನೂರಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿ ಭಾಗವಹಿಸಿದರು. ಅವರಲ್ಲಿ ಅನೇಕರು ಯೆಹೂದ್ಯರಲ್ಲ. ತಮ್ಮದೇ ಊರಿನ ಒಂದು ಮುಚ್ಚಿದ ಕಟ್ಟಡ ಏನಾಗಿತ್ತೆಂಬುದು ಕುಂಚವನ್ನು ಹಿಡಿಯುವ ತನಕ ಎಷ್ಟೋ ಮಂದಿಗೆ ತಿಳಿದಿರಲಾರದು. 2013ರಲ್ಲಿ ಆ ಛಾವಣಿಯನ್ನು ವಾರ್ಸಾದ ವಸ್ತುಸಂಗ್ರಹಾಲಯದೊಳಗೆ ಏರಿಸಲಾಯಿತು. ಆ ಸಂಗ್ರಹಾಲಯ ನಿಂತಿರುವುದು ಮೇಲೆ ಹೇಳಿದ ಮುರನೂವ್ ಬಡಾವಣೆಯಲ್ಲಿಯೇ.

ಇದನ್ನು ಜೀರ್ಣೋದ್ಧಾರವೆನ್ನಬಹುದೆ? ಕಟ್ಟುನಿಟ್ಟಾಗಿ ಹೇಳುವುದಾದರೆ ಅಲ್ಲ. ಊರು ಬೇರೆ, ಮರ ಬೇರೆ, ಅಳತೆಯೂ ಕಿರಿದು, ಕೆಳಗೆ ಪ್ರಾರ್ಥಿಸುವವರಿಲ್ಲ. ವಾರ್ಸಾದ ಹಳೆಯ ಪೇಟೆಯಲ್ಲಿ ಜನ ವಾಸಿಸುತ್ತಾರೆ, ಅಂಗಡಿಗಳಿವೆ. ಈ ಛಾವಣಿ ಪ್ರದರ್ಶನದ ವಸ್ತು. ಆದರೂ ಒಂದು ವಿಷಯದಲ್ಲಿ ಇದು ಪೇಟೆಗಿಂತ ಪ್ರಾಮಾಣಿಕವೆಂದು ನಮ್ಮ ಅಭಿಪ್ರಾಯ: ತಾನು ಹಳೆಯದೆಂದು ಅದು ಹೇಳಿಕೊಳ್ಳುವುದಿಲ್ಲ. ಪೇಟೆಯ ಚೌಕದಲ್ಲಿ ನಿಂತ ಪ್ರವಾಸಿಗೆ ಯಾರಾದರೂ ಹೇಳದಿದ್ದರೆ ಆ ಮನೆಗಳು 1953ರವೆಂದು ತಿಳಿಯುವುದಿಲ್ಲ.

ನಮ್ಮ ಕಾಲೇಜುಗಳಿಗೆ ಇದರಿಂದ ಏನು ಎಂದು ಸಹೋದ್ಯೋಗಿಗಳು ಕೇಳಬಹುದು. ಸಂರಕ್ಷಿತ ಸ್ಮಾರಕಗಳನ್ನು ಮುಟ್ಟುವ ಅಧಿಕಾರ ನಮಗಿಲ್ಲ, ಇರಬೇಕಾದುದೂ ಇಲ್ಲ. ಆದರೆ ಯಾವ ಪಟ್ಟಿಯಲ್ಲಿಯೂ ಇಲ್ಲದ ತೊಟ್ಟಿಮನೆಗಳು, ಕೊಡಗಿನ ಐನ್‌ಮನೆಗಳು, ಊರಬಾಗಿಲುಗಳು, ಸಂತೆಮಾಳದ ಮಂಟಪಗಳು ನಮ್ಮ ವಿದ್ಯಾರ್ಥಿಗಳ ಊರುಗಳಲ್ಲಿಯೇ ಇವೆ. ಮಾಲೀಕರ ಒಪ್ಪಿಗೆಯೊಂದಿದ್ದರೆ ಅವುಗಳನ್ನು ಅಳೆಯುವುದಕ್ಕೆ ಪಟ್ಟಿ, ದಾರ, ತೂಗುಗುಂಡು, ರಸಮಟ್ಟ ಸಾಕು. ತೊಲೆಗಳ ಕೂಡುವಿಕೆಯನ್ನು ವಿವರಿಸಬಲ್ಲ ಆಚಾರಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ, ಅವರನ್ನು ಜೊತೆಗೆ ಕರೆದೊಯ್ಯಬೇಕು. ಅವರು ಹೇಳುವ ಹೆಸರುಗಳನ್ನೇ ನಕ್ಷೆಯ ಮೇಲೆ ಬರೆಯಬೇಕು. ಪುಸ್ತಕದ ಹೆಸರುಗಳಿಗೆ ಬದಲಾಯಿಸಬಾರದು. ನಕ್ಷೆಯ ಮೂಲೆಯಲ್ಲಿ ಅಳೆದ ದಿನ, ಅಳೆದವರ ಹೆಸರು, ವಿವರಿಸಿದವರ ಹೆಸರು ಇರಬೇಕು. ಅಳೆಯಲಾಗದೆ ಉಳಿದ ಭಾಗವನ್ನು ಚುಕ್ಕೆಗೆರೆಯಿಂದ ತೋರಿಸಿ, ಏಕೆ ಅಳೆಯಲಾಗಲಿಲ್ಲವೆಂಬುದನ್ನೂ ಬರೆದಿರಬೇಕು. ಇಂದು ಬೆಳಕಿನ ಕಿರಣಗಳಿಂದ ಕ್ಷಣಮಾತ್ರದಲ್ಲಿ ಲಕ್ಷಾಂತರ ಬಿಂದುಗಳನ್ನು ಅಳೆಯುವ ಯಂತ್ರಗಳಿವೆ, ನಿಜ. ಅಂತಹ ಯಂತ್ರ ದೊರೆತವರು ಬಳಸಲಿ. ಆದರೆ ಈ ಮೂಲೆಯಲ್ಲಿ ಅಜ್ಜಿ ಒನಕೆ ಇಡುತ್ತಿದ್ದಳೆಂದು ಯಂತ್ರಕ್ಕೆ ಯಾರೂ ಹೇಳುವುದಿಲ್ಲ.

ನಕ್ಷೆಯ ಒಂದು ಪ್ರತಿ ಆ ಮನೆಯವರಿಗೆ ಸಲ್ಲಬೇಕು, ಒಂದು ಕಾಲೇಜಿನ ಗ್ರಂಥಭಂಡಾರದಲ್ಲಿ ಇರಬೇಕು; ಮೂರನೆಯದು ಬೇರೊಂದು ಊರಿನಲ್ಲಿ. ವಾರ್ಸಾದ ನಕ್ಷೆಗಳು ಉಳಿದುದು ಅವು ವಾರ್ಸಾದಲ್ಲಿ ಇಲ್ಲದೆ ಪ್ಯೋತ್ರ್‌ಕೂವ್‌ನಲ್ಲಿ ಇದ್ದುದರಿಂದ.